ಉರಿಯಪ್ಪನ ಅಡುಗೆಮನೆ

ನನ್ನ ತಂಗಿಯ ಗಂಡನಿಗೆ ಬೆಂಕಿಯ ಮೇಲಿದ್ದ ಗಮನ ಮನುಷ್ಯರ ಮೇಲೆ ಎಂದೂ ಇರಲಿಲ್ಲ. ಇದನ್ನು ಅವನ ಎದುರಿಗೇ ಹೇಳಿದ್ದೇನೆ. ಅವನು ಬೇಸರ ಕೂಡ ಪಟ್ಟುಕೊಳ್ಳಲಿಲ್ಲ. ಸಂಸಾರದ ಬಹುಪಾಲು ವರ್ಷಗಳನ್ನು ಅವನು ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ, ಎದೆಯೆತ್ತರಕ್ಕೆ ಏಳುವ ಉರಿಯ ಮುಂದೆ ಬಾಣಲೆ ಹಾರಿಸುತ್ತ ಕಳೆದ. ಅಲ್ಲಿಯವರು ಅವನಿಗೆ ಇಟ್ಟ ಹೆಸರು ಉರಿಯಪ್ಪ. ಸಾಲು ಒಲೆಗಳಲ್ಲಿ ಯಾವುದರ ಉರಿ ಬಣ್ಣ ಬದಲಾಯಿಸಿದರೂ ಅವನ ಕಣ್ಣು ತಪ್ಪಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಜ್ವರದಿಂದ ನಡುಗುತ್ತ ಬಡಿಸಿದರೆ ಅದು ಅವನಿಗೆ ತಿಳಿಯುತ್ತಿದ್ದುದು ಮರುದಿನ, ಬಡಿಸುವವರೇ ಇಲ್ಲದಾಗ.

ಒಮ್ಮೆ ಅವನ ಈ ಉರಿಯ ಹುಚ್ಚು ಅವಳ ಜೀವಕ್ಕೇ ಕುತ್ತು ತಂದಿತ್ತು. ಅವಳು ಉಳಿದಳು. ಈಗಲೂ ಗಂಡನನ್ನು ಬೈದುಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಹಾಗಾಗಿ ನಿರಾಳವಾಗಿ ಬರೆಯುತ್ತಿದ್ದೇನೆ.

ಭುಜದ ಕೀಲು ಸವೆದು ಅವನು ಹೋಟೆಲ್ ಬಿಡಬೇಕಾಯಿತು. ತನ್ನ ಕಬ್ಬಿಣದ ಬಾಣಲೆಯನ್ನೂ ಉದ್ದ ಹಿಡಿಯ ಸಟ್ಟುಗವನ್ನೂ ಹೊತ್ತು ಮನೆಗೆ ಬಂದ. ಕೆಲವು ದಿನ ಪೇಪರ್ ಓದುತ್ತ ಸುಮ್ಮನಿದ್ದ. ಆಮೇಲೆ ಒಂದು ಬೆಳಿಗ್ಗೆ ಕೋಸು, ಕ್ಯಾರೆಟ್, ಈರುಳ್ಳಿಯನ್ನು ಕಡ್ಡಿಯಂತೆ ಹೆಚ್ಚಿ ಮನೆಯ ಒಲೆಯ ಮೇಲೆ ಬಾಣಲೆ ಇಟ್ಟ. ಅದರ ದುಂಡು ತಳ ತೊಟ್ಟಿಲಿನಂತೆ ತೂಗಾಡಿತು. ಹೋಟೆಲಿನ ಅಭ್ಯಾಸದಲ್ಲಿ ತರಕಾರಿಯನ್ನೆಲ್ಲ ಒಟ್ಟಿಗೇ ಸುರಿದ. ಅಷ್ಟು ಹೊರೆಗೆ ಬಾಣಲೆಯ ಕಾವು ಇಳಿದುಹೋಗಿ ತರಕಾರಿ ತನ್ನ ನೀರಿನಲ್ಲೇ ಬೆಂದಿತು.

“ಇದು ಒಲೆಯಾ, ಇಲ್ಲ ದೀಪಾನಾ?” ಎಂದ.

“ಇಷ್ಟು ವರ್ಷ ಈ ದೀಪದಲ್ಲೇ ಬೇಯ್ಸಿ ಹಾಕಿದ್ದೀನಿ. ಒಂದು ದಿನ ಆದ್ರೂ ಹಸ್ಕೊಂಡು ಮಲಗಿದ್ರಾ?” ಎಂದಳು ತಂಗಿ.

“ಬೇಯ್ಸಿದ್ದೀಯ. ಹುರಿದಿಲ್ಲ.”

ಆ ಮಾತಿಗೆ ಅವಳು ಮಾತು ಬಿಟ್ಟಳು. ಅವನಿಗೆ ಅದು ಅನುಕೂಲವೇ ಆಯಿತು. ಬೇಡ ಎನ್ನುವವರಿಲ್ಲದೆ ಅಡುಗೆಮನೆ ಒಡೆಯಲು ಶುರುಮಾಡಿದ. ಒಲೆಯ ಮೇಲಿದ್ದ ಮರದ ಶೆಲ್ಫ್ ಕಿತ್ತು ಗೋಡೆಗೆ ಸ್ಟೀಲ್ ತಗಡು ಹೊಡೆಸಿದ. ಭುಜ ಎತ್ತಲಾಗದ್ದರಿಂದ ಕಟ್ಟೆಯನ್ನು ಒಂದು ಗೇಣು ತಗ್ಗಿಸಿದ. ದುಂಡು ತಳ ಅಲುಗದಂತೆ ಕೂರುವ ದೊಡ್ಡ ಬರ್ನರ್ ತಂದ. ಗ್ಯಾಸಿನವನು ಸಿಲಿಂಡರನ್ನು ಬಾಲ್ಕನಿಗೆ ಸಾಗಿಸಿ, ಆ ಬರ್ನರಿಗೆ ತಕ್ಕ ರೆಗ್ಯುಲೇಟರ್ ಹಾಕಿ, ಪೈಪಿನ ಜೋಡಣೆಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿಮಾಡಿಕೊಂಡು ಹೋದ. ಕೊನೆಗೆ ಕಿಟಕಿಯ ಜಾಗಕ್ಕೆ ಎಕ್ಸಾಸ್ಟ್ ಫ್ಯಾನ್ ಬಂತು, ಹೋಟೆಲಿನವರು ತೆಗೆದುಹಾಕಿದ್ದು. ಅದನ್ನು ಹಾಕಿದರೆ ಗೋಡೆಯ ಕ್ಯಾಲೆಂಡರಿನ ಹಾಳೆಗಳು ಎದ್ದು ನಿಲ್ಲುತ್ತಿದ್ದವು.

“ವಿಮಾನ ಹಾರ್ಸ್ತೀರಾ?” ಎಂದು ತಂಗಿ ಮೌನ ಮುರಿದಳು.

“ಒಂದೆಳೆ ಹೊಗೆ ಉಳಿಯಲ್ಲ, ನೋಡ್ತಿರು.”

“ಉಳೀಬಾರ್ದು. ನಡುಮನೆ ಪರದೆಗೆ ಎಣ್ಣೆ ವಾಸನೆ ಹತ್ತಿತೋ, ನಿಮ್ಮ ಬಾಣಲೆ ಜೊತೆ ನೀವೂ ಬಾಲ್ಕನೀಲಿ ಮಲಗ್ತೀರಿ.”

ಹೆಂಡತಿಯ ಮಾತನ್ನು ಅವನು ಚಾಚೂತಪ್ಪದೆ ಪಾಲಿಸಿದ್ದು ಇದೊಂದನ್ನೇ. ಅನರ್ಥವಾದದ್ದೂ ಇದರಿಂದಲೇ. ನಡುಮನೆಗೆ ತೆರೆಯುವ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಅಡುಗೆಗೆ ನಿಲ್ಲುವುದೆಂದು ಗೊತ್ತುಮಾಡಿದ. ಹೋಟೆಲಿನ ಅಡುಗೆಮನೆಯ ಬಾಗಿಲು ಮುಚ್ಚಿದ್ದನ್ನು ಅವನು ಕಂಡೇ ಇರಲಿಲ್ಲ. ಅಲ್ಲಿ ತಟ್ಟೆ ಹೊತ್ತವರು ಸದಾ ಓಡಾಡುತ್ತಿದ್ದರು. ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು ಎಂದು ಯೋಚಿಸುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ. ಈ ಮನೆಯಲ್ಲೋ, ಬಚ್ಚಲಿನ ಬಾಗಿಲು ಇರುವುದೇ ಅಡುಗೆಮನೆಯೊಳಗೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು, ಅದರ ಹೊಗೆ ಒಂದು ಕೊಳವೆಯ ಮೂಲಕ ಹೊರಗೆ ಹೋಗುತ್ತಿತ್ತು. ಬೇರೆ ದಾರಿ ಸಿಗದ ಫ್ಯಾನು ಆ ಕೊಳವೆಯಿಂದಲೇ ಗಾಳಿ ಎಳೆಯತೊಡಗಿದರೆ, ಹೊರಗೆ ಹೋಗಬೇಕಾದ ವಿಷದ ಹೊಗೆಯೆಲ್ಲ ಬಚ್ಚಲಿಗೇ ತಿರುಗುತ್ತದೆ.

ಉದ್ಘಾಟನೆಯ ಊಟಕ್ಕೆ ನನ್ನನ್ನು ಕರೆದಿದ್ದರು. ನಾನು ನಡುಮನೆಯಲ್ಲಿ ಕೂತಿದ್ದೆ. ಎಲ್ಲ ಹೆಚ್ಚಿಕೊಟ್ಟ ತಂಗಿ, “ನೀವು ಹುರೀರಿ, ನಾನು ಎರಡು ತಂಬಿಗೆ ಹಾಕ್ಕೊಂಡು ಬರ್ತೀನಿ” ಎಂದು ಸ್ನಾನಕ್ಕೆ ಹೋದಳು. ಮುಚ್ಚಿದ ಬಾಗಿಲಾಚೆ ಫ್ಯಾನೂ ಉರಿಯೂ ಸೇರಿ ಬೊಬ್ಬೆಯಿಡುತ್ತಿದ್ದವು. ಇದ್ದಕ್ಕಿದ್ದಂತೆ ಎರಡೂ ನಿಂತವು. ಆಮೇಲೆ ಮರ ಸೀಳಿದ ಸದ್ದು.

ಅಲ್ಲಿ ಏನಾಯಿತೆಂದು ನಂತರ ಅವನೇ ಹೇಳಿದ. ಬಾಣಲೆಯಡಿಯ ಉರಿ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲುತ್ತಿತ್ತು, ಬಚ್ಚಲಿನ ಕಡೆಯಿಂದ ಯಾರೋ ಊದುತ್ತಿದ್ದಂತೆ. ಆ ಬಾಗಿಲಿನ ಸಂದಿಗೆ ಕೈ ಹಿಡಿದ. ಬಿಸಿ ಗಾಳಿ ಕೈಗೆ ಹೊಡೆಯಿತು. ಹೆಂಡತಿಯನ್ನು ಕೂಗಿದ, ಉತ್ತರ ಬರಲಿಲ್ಲ. ಒಳಗೆ ನೀರು ಮಾತ್ರ ಸುರಿಯುತ್ತಿತ್ತು. ಫ್ಯಾನನ್ನೂ ಉರಿಯನ್ನೂ ಆರಿಸಿ, ಸವೆದ ಭುಜವನ್ನೇ ಕೊಟ್ಟು ಬಾಗಿಲು ಗುದ್ದಿದ.

ನಾನು ಒಳಗೆ ನುಗ್ಗುವಷ್ಟರಲ್ಲಿ ಅವನು ಅವಳನ್ನು ಟವೆಲಿನಲ್ಲಿ ಸುತ್ತಿ ಹೊರಗೆ ಎಳೆಯುತ್ತಿದ್ದ. ಉಸಿರಿತ್ತು. ಬಾಲ್ಕನಿಯ ಗಾಳಿಗೆ ಕಣ್ಣು ಬಿಟ್ಟಳು, ವಾಂತಿ ಮಾಡಿದಳು. ನೈಟಿ ತೊಡಿಸಿ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಸಂಜೆ ಡಾಕ್ಟರಮ್ಮ ಹೊರಗೆ ಬಂದು, “ಏನೂ ಭಯ ಇಲ್ಲ. ಒಂದೆರಡು ದಿನ ತಲೆನೋವು ಇರ್ಬಹುದು, ಅಷ್ಟೇ” ಎಂದಾಗ ಅವನು ಕಾರಿಡಾರಿನ ನೆಲದ ಮೇಲೆ ಧೊಪ್ಪನೆ ಕೂತ. ನಾನೂ ಕೂತೆ. ಕುರ್ಚಿ ಇದ್ದುದರಿಂದ ಮರ್ಯಾದೆ ಉಳಿಯಿತು.

ತಂಗಿಯ ಮೊದಲ ಮಾತು, “ಮೈಮೇಲಿನ ಸೋಪು ಹಾಗೇ ಒಣಗಿದೆ, ತುರಿಸ್ತಿದೆ ಅಕ್ಕ” ಎಂಬುದು. ಅಷ್ಟು ಸಾಕಾಗಿತ್ತು ನನಗೆ. ಅವನ ಕಡೆ ತಿರುಗಿದೆ.

“ಆ ಬಾಣಲೇನ ಇವತ್ತೇ ಗುಜರಿಗೆ ಹಾಕು.”

“ಹಾಕ್ತೀನಿ ಅಕ್ಕ.”

“ಯಾಕೆ ಹಾಕ್ಬೇಕು?” ಮಾಸ್ಕ್ ಸರಿಸಿ ತಂಗಿ ಗುಡುಗಿದಳು. “ನನ್ನ ಶೆಲ್ಫ್ ಹೋಯ್ತು, ಗೋಡೆ ಹೋಯ್ತು, ಜೀವ ಹೋಗಿ ಬಂತು. ಇಷ್ಟೆಲ್ಲ ಆದ್ಮೇಲೆ ಅದೇನು ಹುರೀತಾರೋ ತಿಂದೇ ನೋಡ್ಬೇಕು ನಾನು.”

ನರ್ಸ್ ಮಾಸ್ಕನ್ನು ಮತ್ತೆ ಮುಖಕ್ಕೆ ಒತ್ತಿದಳು. ನಾವಿಬ್ಬರೂ ನಕ್ಕೆವು. ಆ ಮನುಷ್ಯನ ಜೊತೆ ನಾನು ನಕ್ಕದ್ದು ಅದೇ ಮೊದಲಿರಬೇಕು.

ಗೀಸರನ್ನು ಹೊರಗೆ, ಬಾಲ್ಕನಿಯ ಗೋಡೆಗೆ ಸಾಗಿಸಲಾಯಿತು. ಅಡುಗೆಮನೆಯ ಬಾಗಿಲನ್ನು ಕೀಲಿನಿಂದಲೇ ಕಳಚಿದರು. ಹೊರಗೋಡೆಯ ಬುಡದಲ್ಲಿ ಗಾಳಿ ಬರಲು ಜಾಲರಿಯ ಕಿಂಡಿ ಕೊರೆಸಿದರು. ಗ್ಯಾಸಿನವನು ಫ್ಯಾನ್ ಹಾಕಿ ಬಚ್ಚಲ ಬಾಗಿಲ ಸಂದಿಗೆ ತೆಳ್ಳಗಿನ ಕಾಗದ ಹಿಡಿದ, ಅದು ಅಲುಗಲಿಲ್ಲ. ಇನ್ನು ಯೋಚನೆಯಿಲ್ಲ ಎಂದ. ಉರಿಯಪ್ಪನೂ ತರಕಾರಿಯನ್ನು ಹಿಡಿ ಹಿಡಿಯಾಗಿ ಹಾಕುವುದನ್ನು ಕಲಿತ. ಮೊದಲ ಸಲ ಹುರಿದದ್ದನ್ನು ತಂಗಿ ಎರಡು ಸಲ ಹಾಕಿಸಿಕೊಂಡು ತಿಂದು, ಉಪ್ಪು ಜಾಸ್ತಿ ಎಂದಳು. ಪರದೆಯನ್ನೂ ಮೂಸಿ ನೋಡಿದಳು. ಅವನನ್ನು ಬಾಲ್ಕನಿಗೆ ಕಳಿಸಲಿಲ್ಲ.

ಹೋದ ಭಾನುವಾರ ಅಲ್ಲಿಗೆ ಹೋಗಿದ್ದೆ. ಅವನು ಬಾಣಲೆಯ ಮುಂದೆ ನಿಂತಿದ್ದ, ತರಕಾರಿ ಅರ್ಧ ಹುರಿದಿತ್ತು. ತಂಗಿ ಟವೆಲ್ ಹೆಗಲಿಗೆ ಹಾಕಿಕೊಂಡು ಅವನ ಬೆನ್ನ ಹಿಂದೆಯೇ ಹಾದು ಬಚ್ಚಲು ಸೇರಿದಳು. ಚಿಲಕದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ. ಕೈ ಚಾಚಿ ಮೊದಲು ಫ್ಯಾನ್, ಆಮೇಲೆ ಉರಿ ಆರಿಸಿದ.

“ಗೀಸರ್ ಈಗ ಹೊರಗಿದೆಯಲ್ಲೋ,” ಎಂದೆ.

“ಗೊತ್ತಕ್ಕ,” ಎಂದ.

ಆದರೂ ಸಟ್ಟುಗ ಹಿಡಿದು ಹಾಗೇ ನಿಂತ. ಬಾಣಲೆಯಲ್ಲಿ ತರಕಾರಿ ಮೆತ್ತಗಾಗುತ್ತಿತ್ತು. ಒಳಗೆ ಅವಳು ತಂಬಿಗೆ ಕೆಳಗಿಟ್ಟು ಚಿಲಕ ತೆಗೆಯುವವರೆಗೂ ಅವನು ಬೆಂಕಿ ಹೊತ್ತಿಸಲಿಲ್ಲ.