ಮುಚ್ಚಳದ ನೀರು

ನಮ್ಮ ಚಿಕ್ಕಮ್ಮ ಹದಿನೆಂಟು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಕುದಿಸುತ್ತಾಳೆ. ಬಲಭುಜ ಮೇಲೇಳದಂತಾದ ಮೇಲೆ, ಮನೆಯಲ್ಲೇ ಚಾಕಲೇಟ್ ಮಾಡಿ ಮಾರಿ ಆ ಕೆಲಸ ಬಿಡಬೇಕೆಂದು ಆಸೆಪಟ್ಟಳು. ಬೇಕರಿಯವನು ರುಚಿ ನೋಡಲು ಒಂದು ಡಬ್ಬಿ ಕೇಳಿದ್ದ. ಅವತ್ತು ಸಂಜೆ ಐದಕ್ಕೆ ಬರುವವನಿದ್ದ.

ಪಾಳಿ ಮುಗಿಸಿ ಬಂದವಳೇ ಕುದಿಯುವ ನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಚಾಕಲೇಟ್ ಕರಗಿಸತೊಡಗಿದಳು. ಒಂದು ಹನಿ ನೀರು ಬಿದ್ದರೂ ಅದು ಕೆಡುತ್ತದೆಂದು ಚಮಚವನ್ನು ಎರಡು ಸಲ ಒರೆಸಿದ್ದಳು. ಆದರೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ದಿನವಿಡೀ ಹಂಡೆ ಮುಚ್ಚಿ ರೂಢಿಯಾದ ಕೈ, ತಾನಾಗಿಯೇ ಎರಡರ ಮೇಲೂ ದೊಡ್ಡ ಮುಚ್ಚಳ ಹಾಕಿತು. ಐದು ನಿಮಿಷ ಕೂತೆದ್ದು ತೆರೆದಾಗ, ಹಬೆಯ ನೀರು ಮುಚ್ಚಳದಿಂದ ತೊಟ್ಟಿಕ್ಕಿ ಚಾಕಲೇಟ್ ಒದ್ದೆ ಮಣ್ಣಿನಂತೆ ಗಂಟುಗಟ್ಟಿತ್ತು.

"ನಾಲ್ಕು ಹನಿಗೆ ಇಷ್ಟು ಮುನಿಸಾ? ಥೇಟ್ ನನ್ನ ಮಗನೇ," ಎಂದರು ನನ್ನ ಪಕ್ಕ ಕೂತಿದ್ದ ಅವಳ ಅತ್ತೆ.

"ನಿಮ್ಮ ಮಗ ಎರಡು ದಿನಕ್ಕಾದ್ರೂ ಸರಿಹೋಗ್ತಾರೆ ಅತ್ತೆ. ಇದು ಇನ್ನು ಅಚ್ಚಿಗೆ ಕೂರಲ್ಲ."

ಮನೆಯಲ್ಲಿ ಬೇರೆ ಚಾಕಲೇಟ್ ಇರಲಿಲ್ಲ. ಬೇಕರಿಯವನು ಬಂದಾಗ ಬಾಗಿಲಲ್ಲೇ ಹೇಳಿದಳು: "ಇವತ್ತು ಕೆಟ್ಟೋಯ್ತಣ್ಣ. ನನ್ನದೇ ತಪ್ಪು."

"ಸುಸ್ತಾಗಿದೀಯಮ್ಮ. ನಿನಗೆ ರಜೆ ಯಾವತ್ತು?"

"ಗುರುವಾರ."

"ಹಾಗಾದ್ರೆ ಗುರುವಾರ ಸಂಜೆ ಬರ್ತೀನಿ, ಬಿಡು."

ಅವನು ಹೋದ ಮೇಲೆ ಗಂಟುಗಳಿಗೆ ಬಿಸಿ ಹಾಲು ಸುರಿದು ಕದಡಿ, ಮೂರು ಲೋಟಗಳಿಗೆ ಬಗ್ಗಿಸಿದಳು. ಅತ್ತೆಯೂ ನಾನೂ ಕುಡಿದೆವು. ಚಿಕ್ಕಮ್ಮ ತನ್ನ ಲೋಟವನ್ನು ಬಾಯಿಗಿಡದೆ, ಅದರ ಬಿಸಿಯನ್ನು ಬಲಭುಜಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಗುರುವಾರಕ್ಕೆ ಇನ್ನೂ ನಾಲ್ಕು ಪಾಳಿಗಳಿದ್ದವು.