ಜೋಳದ ಸಾಲಿನ ನಡುವೆ ಅಲಸಂದೆ

ಕೈಲಾಂಚದ ಹತ್ತಿರ ನಮಗೆ ಎರಡು ಎಕರೆ ಹೊಲವಿದೆ. ಬಹುಪಾಲು ಹಿಪ್ಪುನೇರಳೆ. ರೇಷ್ಮೆ ಹುಳು ಸಾಕುವುದು ನನ್ನ ಗಂಡನ ಕೆಲಸ. ಎರಡು ಹಸುಗಳನ್ನು ನೋಡಿಕೊಳ್ಳುವುದು ನನ್ನ ಮತ್ತು ಅತ್ತೆಯ ಪಾಲಿಗೆ. ಬೋರಿನ ನೀರೆಲ್ಲ ಹಿಪ್ಪುನೇರಳೆಗೇ ಸರಿಹೋಗುತ್ತಿದ್ದುದರಿಂದ ಬೇಸಿಗೆಯಲ್ಲಿ ಹಸುಗಳಿಗೆ ಒಣ ರಾಗಿ ಹುಲ್ಲೇ ಗತಿ. ಮುಂದೆ ಹಾಕಿದರೆ ಒಮ್ಮೆ ಮೂಸಿ, ತಪ್ಪು ಮಾಡಿದವಳನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದವು.

ಒಂದು ದಿನ ಹಸು ನೋಡಲು ಬಂದ ಡಾಕ್ಟರು, "ಮುಸುಕಿನ ಜೋಳದ ಜೊತೆ ಅಲಸಂದೆ ಬಿತ್ತಿ. ಬಳ್ಳಿ ನೆಲ ಮುಚ್ಚಿದ್ರೆ ತೇವ ಬೇಗ ಆರಲ್ಲ. ಇರೋ ನೀರಲ್ಲೇ ಎರಡೂ ಬರ್ತವೆ" ಎಂದರು. ಗಂಡನನ್ನು ಕೇಳಿದೆ.

"ಹತ್ತು ಗುಂಟೆ ತಗೋ. ನೀರು ಎಂಟು ದಿನಕ್ಕೊಂದ್ಸಲ ಅಷ್ಟೆ. ಆಮ್ಯಾಕೆ ಒಸಿ ಕೊಡು, ಒಸಿ ಕೊಡು ಅನ್ಬ್ಯಾಡ" ಎಂದರು.

ಮೂರು ಸಾಲು ಜೋಳ, ಒಂದು ಸಾಲು ಅಲಸಂದೆ ಹಾಕಿದೆ. ಬದುವಿನ ಮೇಲೆ ಕೂತು ನೋಡುತ್ತಿದ್ದ ಅತ್ತೆಗೆ ಸಮಾಧಾನವಿರಲಿಲ್ಲ. "ಸಾರಿಗೆ ಹಾಕೋ ಕಾಳ್ನ ಹಸಕ್ಕೆ ಬಿತ್ತೋಳ್ನ ನಿನ್ನೊಬ್ಳನ್ನೇ ನೋಡಿದ್ದು ಕಣವ್ವ!"

ಆದರೆ ನೀರಿನ ದಿನ ಕೈ ಹಿಡಿದದ್ದು ಅವರೇ. ಕರೆಂಟು ಬಂದಷ್ಟೇ ಬೇಗ ಹೋಗುತ್ತಿತ್ತು. ನಾನು ಸಾಲಿಂದ ಸಾಲಿಗೆ ನೀರು ತಿರುಗಿಸುತ್ತ ಓಡಾಡಿದರೂ ಅರ್ಧ ಹೊಲಕ್ಕೆ ಮುಟ್ಟುವಷ್ಟರಲ್ಲಿ ಮೋಟಾರು ನಿಂತುಹೋಯಿತು. ಅತ್ತೆ ಗುದ್ದಲಿ ಕಿತ್ತುಕೊಂಡರು. "ಎಲ್ಲಾ ಸಾಲ್ಗೂ ಯಾಕೆ ನೀರು ಕಟ್ತೀಯ? ಸಾಲು ಬುಟ್ಟು ಸಾಲು ಕಟ್ಟು. ಈ ಸಲ ಇದ್ಕೆ, ಬರೋ ಸಲ ಪಕ್ಕದ್ದಕ್ಕೆ. ಬೇರು ಪಕ್ಕದ ತೇವಾನ ಹುಡಿಕ್ಕೋತದೆ." ಮುಂದಿನ ಸರದಿಯಲ್ಲಿ ಹಾಗೇ ಮಾಡಿದೆವು. ನೀರು ಕೊನೆಯ ಬದುವಿನ ತನಕ ಹೋಯಿತು. ಬಿಸಿಲು ಏರಿದ್ದರೂ ಅಲಸಂದೆ ಬಳ್ಳಿ ಜೋಳದ ದಂಟನ್ನು ಹಿಡಿದು ಹತ್ತಿತು. ನಡುವೆ ಕೈ ಹಾಕಿದರೆ ಮಣ್ಣು ತಣ್ಣಗಿರುತ್ತಿತ್ತು.

ಜಗಳ ಬಂದದ್ದು ಕೊಯ್ಲಿನ ದಿನ. ತೆನೆಯಲ್ಲಿ ಹಾಲು ತುಂಬಿತ್ತು, ಬಳ್ಳಿಯಲ್ಲಿ ಹೂವಿನ ಜೊತೆ ಎಳೆ ಕಾಯಿ ಇಣುಕುತ್ತಿದ್ದವು. ಮೇವಿಗೆ ಅದೇ ಸರಿಯಾದ ಹದ. ನಾನು ಕುಡುಗೋಲು ಹಿಡಿದು ಹೋದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತರು.

"ಕಾಯಿ ಕಟ್ತಾ ಐತೆ, ಈಗ ಕುಯ್ತೀಯಾ? ಇನ್ನೊಂದ್ ಹದಿನೈದು ದಿನ ಬುಡು!"

"ಅಷ್ಟೊತ್ಗೆ ದಂಟು ಸೌದೆ ಆಯ್ತದೆ ಅತ್ತೆ. ಹಸ ಮೂಸಿನೂ ನೋಡಲ್ಲ."

"ಹಸಕ್ಕೊಂದ್ಕೇನಾ ಬಾಯಿ ಇರಾದು?"

ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕುಬಿಟ್ಟರು. ಬದುವಿನ ಕಡೆಯ ಎರಡು ಸಾಲು ಅಲಸಂದೆ ಅವರಿಗೆ, ಉಳಿದದ್ದು ಹಸುಗಳಿಗೆ ಎಂದು ರಾಜಿಯಾಯಿತು.

ಮೊದಲ ಹೊರೆಯನ್ನು ಹಾಗೇ ಹಾಕಿದೆ. ದೊಡ್ಡ ಹಸು ಬಳ್ಳಿಯನ್ನಷ್ಟೇ ಎಳೆದೆಳೆದು ತಿಂದು ಜೋಳದ ದಂಟನ್ನು ಪಕ್ಕಕ್ಕೆ ತಳ್ಳಿತು. ಅತ್ತೆ ಸೊಂಟದ ಮೇಲೆ ಕೈ ಇಟ್ಟು, "ನೋಡು, ಇವ್ಳಿಗೂ ಅಲಸಂದೇನೇ ಬೇಕು!" ಎಂದರು. ಮಾರನೆಯ ದಿನದಿಂದ ಎರಡನ್ನೂ ಒಟ್ಟಿಗೆ ಸಣ್ಣಗೆ ಕತ್ತರಿಸಿ ಬೆರೆಸಿದೆ. ಆರಿಸಲು ದಾರಿಯಿಲ್ಲದೆ ಹಸುಗಳು ಪೂರ್ತಿ ಮುಗಿಸಿ ಬುಟ್ಟಿಯನ್ನೂ ನೆಕ್ಕಿದವು. ಕೆಲವೇ ದಿನಗಳಲ್ಲಿ ಹಾಲು ಹೆಚ್ಚಾದದ್ದು ಕರೆಯುವಾಗ ಕೈಗೇ ತಿಳಿಯಿತು.

ಈ ಸಲ ಮತ್ತೆ ಬಿತ್ತಿದ್ದೇವೆ. ಮೊನ್ನೆ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಪಕ್ಕದೂರಿನ ಹೆಂಗಸೊಬ್ಬಳು ಮೇವಿನ ಕಷ್ಟ ಹೇಳಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದರು: "ಮೂರು ಸಾಲು ಜೋಳ ಹಾಕು, ಒಂದು ಸಾಲು ಅಲಸಂದೆ. ಹೂವ ಬಂದೇಟ್ಗೆ ಕುಯ್ದ್ಬುಡ್ಬೇಕು, ಕಾಯಿ ಆಸೆ ಮಾಡ್ಬಾರ್ದು. ನಮ್ಮನೇಲಿ ನಾನೇ ಹೇಳ್ಕೊಟ್ಟಿದ್ದು."

ನಾನು ಕ್ಯಾನು ಎತ್ತಿಕೊಂಡು ಮುಂದೆ ಸರಿದೆ.