ತಲೆ ಸಾಹೇಬರಿಗೆ ಬಂದ ಫೋನು

ಬೀದಿಯ ಜನ ಅವರನ್ನು ತಲೆ ಸಾಹೇಬರು ಎನ್ನುತ್ತಿದ್ದರು. ಅವರ ಸ್ವಂತ ತಲೆಯ ಬಗ್ಗೆ ಯಾರಿಗೂ ಅಂಥ ಗೌರವವೇನೂ ಇರಲಿಲ್ಲ. ಪಶು ಇಲಾಖೆಯ ನೌಕರರಾಗಿ ಕುರಿ ಮೇಕೆಗಳ ತಲೆ ಕೂಡಿಹಾಕುತ್ತಿದ್ದುದರಿಂದ ಬಂದ ಬಿರುದು. ಮಿದುಳಿಗೆ ರೋಗ ತಗುಲಿದ ಪ್ರಾಣಿ ಹಿಂಡು ಬಿಟ್ಟು ನಿಲ್ಲುತ್ತದೆ, ಮೇವು ಬಿಡುತ್ತದೆ, ಕತ್ತು ವಾಲಿಸಿಕೊಂಡು ಒಂದೇ ಕಡೆಗೆ ಸುತ್ತುತ್ತದೆ. 'ಇಂಥದ್ದು ಕಂಡರೆ ಫೋನ್ ಮಾಡಿ' ಎಂದು ತಮ್ಮ ನಂಬರು ಹಾಕಿದ ಪೋಸ್ಟರನ್ನು ಸಾಹೇಬರು ಊರೆಲ್ಲ ಅಂಟಿಸಿದ್ದರು. ಫೋನು ಬರುತ್ತಿರಲಿಲ್ಲ. ಸುತ್ತುವ ಮೇಕೆಯ ಸುದ್ದಿ ಅವರ ಕಿವಿಗೆ ಬೀಳುವ ಮೊದಲೇ ಮೇಕೆ ಕಟುಕನ ಕೈಗೆ ಬಿದ್ದಿರುತ್ತಿತ್ತು. ಹಾಗಾಗಿ ಕಟುಕನ ಬಾಗಿಲಲ್ಲಿ ಬಕೆಟ್ಟು ಹಿಡಿದು ಇವರೇ ನಿಲ್ಲಬೇಕು.

ತಲೆ ಒಡೆಯುವ ಗೋಜಿಲ್ಲ. ಕತ್ತಿನ ಕಡೆಯ ತೂತಿನಿಂದ ಉದ್ದ ಚಮಚ ತೂರಿಸಿ, ಮಿದುಳಿನ ಬುಡವನ್ನು ಇಡಿಯಾಗಿ ಎತ್ತಿ ಪರೀಕ್ಷೆಗೆ ಕಳಿಸಬೇಕು. ಒಮ್ಮೆ ಕಚೇರಿಯ ಚಮಚ ಮುರಿಯಿತು. ಹೊಸದು ಮಂಜೂರಾಗುವಷ್ಟರಲ್ಲಿ ತಮಗೆ ನಿವೃತ್ತಿಯಾದೀತೆಂದು ಸಾಹೇಬರು ಮನೆಯ ಜೇನಿನ ಸೀಸೆಯ ಚಮಚ ಒಯ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದರು. ಪ್ರಾಮಾಣಿಕ ಮನುಷ್ಯ, ಚೆನ್ನಾಗಿ ತೊಳೆದು ವಾಪಸು ತಂದಿಟ್ಟರು. ಸಾಲದ್ದಕ್ಕೆ ಊಟಕ್ಕೆ ಕೂತು ಹೊಗಳಿದರು: "ನಿನ್ನ ಚಮಚ ಭಾರಿ ಚೆನ್ನಾಗಿದೆ ಕಣೇ. ಒಂದು ಚೂರೂ ಹರಿಯದ ಹಾಗೆ ಮಿದುಳು ಎತ್ತುತ್ತೆ."

ಹೆಂಡತಿ ಕೈ ತೊಳೆದುಕೊಂಡು ಅಕ್ಕನ ಮನೆಗೆ ಹೋದಳು.

ಬಯ್ಯುವವರಿಲ್ಲದ ಮನೆ. ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ಮೇಲೆ ಎಸೆದು ನೋಡಿದರು, ಅಡುಗೆಮನೆಯಿಂದ ಸದ್ದಿಲ್ಲ. ತಾವೇ ಎತ್ತಿ ಒಣಹಾಕಿದರು. ಪಾತ್ರೆ ತೊಳೆಯುತ್ತ ಅವಳು ಗೊಣಗುವುದಕ್ಕೆ ಕಿವಿ ಎಷ್ಟು ಒಗ್ಗಿತ್ತೆಂದರೆ, ನಲ್ಲಿ ತಿರುಗಿಸಿದರೆ ಸಾಕು, "ಏನಂದೆ?" ಎಂದುಬಿಡುತ್ತಿದ್ದರು.

ರಜೆಯ ದಿನ ಅಕ್ಕನ ಮನೆಯ ಬೀದಿಗೆ ಹೋದರು. ಬಾಗಿಲು ತಟ್ಟಲು ಧೈರ್ಯವಿಲ್ಲ, ಹಿಂದಿರುಗಲು ಮನಸ್ಸಿಲ್ಲ. ಹಿತ್ತಲ ಓಣಿ ಬಳಸಿ ಮತ್ತೆ ಮುಂಬಾಗಿಲಿಗೆ ಬಂದರು. ಕಿಟಕಿಯತ್ತ ಕತ್ತು ವಾಲಿಸಿ ಇನ್ನೊಂದು ಸುತ್ತು. ಮತ್ತೊಂದು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

"ಪೋಸ್ಟರಲ್ಲಿರೋ ನಂಬರು ಇದೇನಾ?"

ಅವಳ ದನಿ. ಸಾಹೇಬರಿಗೆ ಬೇರೇನೂ ತೋಚದೆ ಕಚೇರಿಯ ಮಾತೇ ಬಾಯಿಗೆ ಬಂತು. "ಹೌದು, ಹೇಳಿ."

"ಇಲ್ಲೊಂದು ಪ್ರಾಣಿ ಬೆಳಗಿನಿಂದ ನಮ್ಮಕ್ಕನ ಮನೆ ಸುತ್ತುತಾ ಇದೆ."

"ಒಂದೇ ಕಡೆಗಾ?"

"ಒಂದೇ ಕಡೆಗೆ. ಕತ್ತು ಬೇರೆ ವಾಲಿದೆ."

"ಹಿಂಡು ಬಿಟ್ಟು ಬಂದಿದೆಯಾ?"

"ಹಿಂಡೇ ಅದನ್ನ ಬಿಟ್ಟು ಬಂದಿದೆ. ಮೇವು ತಿಂತಾ ಇದೆಯೋ ಇಲ್ವೋ, ನೀವೇ ಹೇಳಬೇಕು."

"ಸರಿಯಾಗಿ ತಿಂತಿಲ್ಲ," ಎಂದರು ಸಾಹೇಬರು.

ಆ ಕಡೆ ಅಕ್ಕನ ಪಿಸುದನಿ ಕೇಳಿಸಿತು. ಆಮೇಲೆ, "ಅಕ್ಕ ಕೇಳ್ತಿದಾಳೆ, ಇದರ ತಲೆ ಬೇಕಾ ನಿಮಗೆ ಅಂತ."

"ಬೇಡ ಅನ್ನು. ಅದರಲ್ಲಿ ಮಿದುಳು ಸಿಗಲ್ಲ."

ನಗು ಬಂತೋ ಕೆಮ್ಮು ಬಂತೋ, ಫೋನಿನಲ್ಲಿ ತಿಳಿಯಲಿಲ್ಲ.

"ಚಮಚ ಎಲ್ಲಿದೆ?"

"ಸರ್ಕಾರಕ್ಕೆ ಕೊಟ್ಟುಬಿಟ್ಟೆ. ಹೊಸದು ತಂದಿದೀನಿ. ಜೇನಿಗೆ ಮಾತ್ರ."

ಕಿಟಕಿಯ ಪರದೆ ಒಂದಿಷ್ಟು ಸರಿಯಿತು.

"ಬಟ್ಟೆ ಮಡಚಿಕೋಬೇಕು. ಇನ್ನೊಂದು ಸುತ್ತು ಹಾಕ್ಕೊಂಡು ಬನ್ನಿ."

ಆ ಒಂದು ಸುತ್ತನ್ನು ಓಡದೆ ಮುಗಿಸುವುದಕ್ಕೆ ಸಾಹೇಬರು ಪಟ್ಟ ಪಾಡು ಅಷ್ಟಿಷ್ಟಲ್ಲ.